ಎಂಟನೆಯ ಹಲಗೆ

"ಸಾರ್, ಎಷ್ಟು ಸಲ ಎಣಿಸಿದ್ರೂ ಹದಿನಾಲ್ಕೇ. ಹಲಗೆ ಮರಿ ಹಾಕೋದಿಲ್ಲ," ಎಂದ ಕಾನ್‌ಸ್ಟೆಬಲ್ ನೊಜಾಕಿ. ಬೆಳಗಿನಿಂದ ಕೆಸರಲ್ಲಿ ನಿಂತು ಅವನ ಬೂಟಿನೊಳಗೆ ನೀರು ಇಳಿದಿತ್ತು. ನಾಲಿಗೆ ಮಾತ್ರ ಚುರುಕಾಗಿಯೇ ಇತ್ತು.

ಇನ್‌ಸ್ಪೆಕ್ಟರ್ ಮಿಜುತಾನಿ ಸೋಹೆ ಎಣಿಸುತ್ತಿರಲಿಲ್ಲ. ಮಂಡಿಯೂರಿ, ಹಲಗೆಗೆ ಮೂಗು ತಾಗಿಸಿ ಮೂಸುತ್ತಿದ್ದ.

"ಹೊಗೆ ವಾಸನೆ," ಎಂದ.

"ನಾನು ಸೇದಿಲ್ಲ ಸಾರ್."

"ನಿನ್ನದಲ್ಲ ಕಣಯ್ಯ. ಹಲಗೆಯದು."

ಕುಗುಶಿಮಾವನ್ನು ಸುತ್ತಿಕೊಂಡ ಹಳೆಯ ಏರಿಗೆ ಇರುವುದು ಒಂದೇ ಕಂಡಿ, ಒಂದು ಲಾರಿ ಹಾಯುವಷ್ಟು ಅಗಲ. ಕಂಡಿಯ ಎರಡೂ ಮಗ್ಗುಲಿಗೆ ಕಲ್ಲುಗಂಬ, ಕಂಬದಲ್ಲಿ ಕೊರೆದ ಸೀಳು. ನದಿ ಮೇಲೆದ್ದಾಗ ಆ ಸೀಳಿನಲ್ಲಿ ಹದಿನಾಲ್ಕು ಹಲಗೆಗಳನ್ನು ಒಂದರ ಮೇಲೊಂದು ಇಳಿಸಬೇಕು. ಇಳಿಸಿದರೆ ಊರು ಉಳಿಯಿತು, ಇಲ್ಲದಿದ್ದರೆ ಇಲ್ಲ. ಮೂರು ನದಿಗಳು ಮನೆಯ ಸೂರಿಗಿಂತ ಎತ್ತರದಲ್ಲಿ ಹರಿಯುವ ಈ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಶಾಸ್ತ್ರ ಯಾರೂ ಕಲಿತಿಲ್ಲ.

ಸೋಮವಾರ ನಸುಕಿನ ಚಂಡಮಾರುತದಲ್ಲಿ ಕಂಡಿ ಮುಚ್ಚಿತ್ತು. ಮಂಗಳವಾರ ಹಲಗೆಗಳ ಹೊರಮಗ್ಗುಲಲ್ಲಿ ಊರಿನವನೇ ಆದ ಹಿಬಿನೊ ಮೊರಿಯೊನ ಹೆಣ ಸಿಕ್ಕಿತು. ಬುಧವಾರ ಸಂಜೆ ನಾಲ್ಕಕ್ಕೆ ನೆರೆ ದಳದ ಮುಖಂಡ, ಎಪ್ಪತ್ತೊಂದು ವರ್ಷದ ಕಾವಾಸೆ ಕಾನ್ಸುಕೆ ತಾನಾಗಿ ಠಾಣೆಗೆ ಬಂದು, "ಅವನು ಹೊರಗಿದ್ದದ್ದು ಗೊತ್ತಿದ್ದೂ ಮುಚ್ಚಿದೆ, ನಾನೊಬ್ಬನೇ," ಎಂದು ಕೈಚಾಚಿದ್ದ.

ಬಂಧಿಸಿದ ನಲವತ್ತೆಂಟು ಗಂಟೆಯೊಳಗೆ ಆರೋಪಿಯನ್ನು ಪ್ರಾಸಿಕ್ಯೂಟರ್‌ಗೆ ಒಪ್ಪಿಸಬೇಕು. ಇವತ್ತು ಶುಕ್ರವಾರ. ಸಂಜೆ ನಾಲ್ಕಕ್ಕೆ ಮುದುಕ ಸೋಹೆಯ ಕೈ ಜಾರುತ್ತಾನೆ. ಆಮೇಲೆ ತಪ್ಪೊಪ್ಪಿಗೆ ಎಂಬ ಆ ಒಂದು ಹಾಳೆ ಅವನನ್ನು ಎಲ್ಲಿಗೆ ಎಳೆದೊಯ್ಯುತ್ತದೋ ಅಲ್ಲಿಗೆ. ಎದೆನೋವಿನ ಮಾತ್ರೆ ನುಂಗಿ ದಿನ ದೂಡುವ ಕಾನ್ಸುಕೆ ಜೈಲಿನ ಒಂದು ಚಳಿಗಾಲವನ್ನೂ ದಾಟಲಾರ. ಅದು ಸೋಹೆಗೆ ಗೊತ್ತಿತ್ತು, ಕಾನ್ಸುಕೆಗೂ ಗೊತ್ತಿತ್ತು.

"ಇಲ್ಲಿ ನೋಡು. ನಾಲ್ಕನೇ ಹಲಗೆ, ಅಂಬರಗುಬ್ಬಿ ಹಿಕ್ಕೆ. ಗೂಡಿನ ಕೆಳಗೆ ವರ್ಷಗಟ್ಟಲೆ ಇದ್ರೇನೇ ಇಷ್ಟು ದಪ್ಪ ಕೂರೋದು. ಹನ್ನೊಂದನೆಯದ್ರಲ್ಲಿ ಈರುಳ್ಳಿ ಗೊಂಚಲು ನೇತುಹಾಕಿದ ಮೊಳೆ. ಒಂಬತ್ತನೆಯದು ಒಲೆಯ ಮಸಿ ಹಿಡಿದು ಕಪ್ಪಾಗಿದೆ. ಶೆಡ್ಡಿನಲ್ಲಿದ್ದ ಹಲಗೆಗೆ ಒಲೆಯ ಮಸಿ ಎಲ್ಲಿಂದ ಬಂತು?"

ನೊಜಾಕಿ ಬಗ್ಗಿದ. ಮೂಸಿದ. ತಮಾಷೆ ಮರೆತ.

ಊರಿನ ಹದಿನಾಲ್ಕು ಮನೆಗೆ ಹದಿನಾಲ್ಕು ಹಲಗೆ. ಹಿಂದಿನಿಂದಲೂ ಒಂದೊಂದು ಮನೆ ತನ್ನ ಹಲಗೆಯನ್ನು ತನ್ನ ಸೂರಿನ ಕೆಳಗೇ ಇಟ್ಟುಕೊಳ್ಳುತ್ತಿತ್ತು. ನೆರೆ ಬಂದರೆ ಮನೆಗೊಬ್ಬರು ಹೊತ್ತು ತರಬೇಕು, ತಮ್ಮ ಸರದಿ ಬಂದಾಗ ತಾವೇ ಇಳಿಸಬೇಕು. ಮೂರು ವರ್ಷದ ಹಿಂದೆ ಪಂಚಾಯಿತಿಯವರು ಕಂಡಿಯ ಪಕ್ಕ ತಗಡಿನ ಶೆಡ್ಡು ಕಟ್ಟಿ, ಹಲಗೆಗಳನ್ನೆಲ್ಲ ಅಲ್ಲಿಡಿಸಿದರು ಎಂದು ಊರಿನವರು ಹೇಳಿಕೆ ಕೊಟ್ಟಿದ್ದರು. ಹಾಗಿದ್ದರೆ ಒಬ್ಬ ಮುದುಕ ಒಂದೊಂದಾಗಿ ಇಳಿಸಿರಬಹುದು. ತಪ್ಪೊಪ್ಪಿಗೆ ನಿಂತದ್ದೇ ಆ ಶೆಡ್ಡಿನ ಮೇಲೆ.

"ಅಂದ್ರೆ ಹದಿನಾಲ್ಕು ಮನೆಯೋರೂ ಸುಳ್ಳು ಹೇಳಿದ್ರು," ಎಂದ ನೊಜಾಕಿ ಮೆಲ್ಲಗೆ. "ಸೋಮವಾರ ಎಲ್ರೂ ಇಲ್ಲೇ ಇದ್ರು."

"ಸತ್ತೋನೂ ಇದ್ದ." ಸೋಹೆ ಕೆಳಗಿನಿಂದ ಆರನೆಯ ಹಲಗೆಯನ್ನು ತೋರಿಸಿದ. ಅದರ ಮೇಲೆ ಕಬ್ಬಿಣ ಕಾಯಿಸಿ ಒತ್ತಿದ ಗರಗಸದ ಗುರುತು, ಹಿಬಿನೊ ಮನೆಯದು. "ಹೆಂಡತಿ ಭಾನುವಾರವೇ ತವರಿಗೆ ಹೋಗಿದ್ಲು. ಮನೇಲಿ ಇದ್ದೋನು ಮೊರಿಯೊ ಒಬ್ಬನೇ. ಅವನೇ ಹೊತ್ತು ತಂದು ಇಳಿಸಿದಾನೆ. ಅಂದ್ರೆ ಆರು ಹಲಗೆ ಬೀಳೋತನಕ ಅವನು ಒಳಗಡೆ ಇದ್ದ."

"ಮತ್ತೆ ಹೊರಗೆ ಹೆಂಗೆ ಹೋದ?"

ಅದೇ ಪ್ರಶ್ನೆ. ಆರು ಹಲಗೆ ಎಂದರೆ ಎದೆಮಟ್ಟ. ಎತ್ತಿ ಹಾಕಿದರೋ, ಹಾರಿದನೋ? ಹಳೆಯ ಏರಿಯನ್ನು ಒಡೆದು ಲಾರಿಗಳಿಗೆ ದಾರಿ ಮಾಡಬೇಕೆಂದು ಓಡಾಡುತ್ತಿದ್ದವನು ಮೊರಿಯೊ. ವಸಂತದ ಸಭೆಯಲ್ಲಿ ಅದೇ ಮಾತಿಗೆ ಕಾನ್ಸುಕೆ ಅವನ ಕೆನ್ನೆಗೆ ಹೊಡೆದಿದ್ದ. ಜಿಲ್ಲೆಯಿಂದ ಬಂದ ಪೊಲೀಸ್ ಸಾಹೇಬರಿಗೆ ಕೊಲೆಯ ಕಾರಣವೆಂದು ಅಷ್ಟು ಸಾಕಾಗಿತ್ತು.

ಕಂಡಿಯ ಆಚೆ, ಗದ್ದೆ ಬದುವಿನ ಕಂಬದ ಮೇಲಿದ್ದ ಸ್ಪೀಕರು ಗರಗರ ಎಂದಿತು. "ರೈತ ಸಹಕಾರ ಸಂಘದ ಪ್ರಕಟಣೆ. ಮಧ್ಯಾಹ್ನ ಹನ್ನೆರಡಕ್ಕೆ ಕಂಡಿಯ ಹಲಗೆ ತೆಗೆಯಲಾಗುವುದು. ಮನೆಗೊಬ್ಬರಂತೆ, ಖ್ಖೊಹ್, ಹಾಜರಿರತಕ್ಕದ್ದು."

"ಬೆಳಿಗ್ಗೆಯಿಂದ ಮೂರನೇ ಸಲ," ಎಂದ ನೊಜಾಕಿ. "ಅದೇ ಜಾಗದಲ್ಲಿ ಅದೇ ಕೆಮ್ಮು. ಟೇಪಿಗೆ ಒಂದ್ಸಲ ಓದಿಬಿಟ್ಟು ದಿನವಿಡೀ ತಿರುಗಿಸ್ತಾರೆ. ಪಾಪ, ಕೆಮ್ಮಿದೋನಿಗೆ ಇಷ್ಟೊತ್ತಿಗೆ ವಾಸಿಯಾಗಿರತ್ತೆ."

ಸೋಹೆಗೆ ನಗು ಬರಲಿಲ್ಲ. ಭಾನುವಾರ ಸಂಜೆ ಅವನ ದನಿಯೂ ಇದೇ ತಂತಿಯಲ್ಲಿ ಹರಿದಿತ್ತು. ಕುಗುಶಿಮಾದಲ್ಲಿ ಫೋನೆಂದರೆ ಸಂಘದ ತಂತಿಯೇ. ಒಬ್ಬರು ಮಾತಾಡಿದರೆ ಹದಿನಾಲ್ಕು ಮನೆಗೂ ಕೇಳಿಸುತ್ತದೆ. ರಜೆ ಸಿಕ್ಕ ಖುಷಿಯಲ್ಲಿ, ಅವತ್ತು ಅಮ್ಮನಿಗೆ ಆಡಬಾರದ ತಮಾಷೆ ಆಡಿದ್ದ: "ತೂಬಿನಮನೆ ಸೋಹೆ ಕಣಮ್ಮಾ! ನಾನು ಬರೋತನಕ ಕಂಡಿ ಮುಚ್ಚಬೇಡಿ!" ಅಮ್ಮ ತಟ್ಟನೆ ಫೋನಿಟ್ಟಿದ್ದಳು. ಅದೇ ರಾತ್ರಿ ರಜೆ ರದ್ದಾಗಿ ಅವನನ್ನು ಓಗಾಕಿಯ ಸೇತುವೆ ಕಾವಲಿಗೆ ಹಾಕಿದರು. ಊರಿಂದ ಆಚೆಗಿನ ತಂತಿ ಅಷ್ಟರಲ್ಲಿ ತುಂಡಾಗಿತ್ತು, ಅಮ್ಮನಿಗೆ ತಿಳಿಸಲಾಗಲಿಲ್ಲ. ಮೂರು-ನಾಲ್ಕು ವರ್ಷದ ಮೇಲೆ ಊರಿಗೆ ಬಂದದ್ದು ಬುಧವಾರ, ಈ ಕೇಸಿನ ಕಾಗದ ಹಿಡಿದುಕೊಂಡು.

ಆ ಬುಧವಾರ ಊರಿನ ಜನ ಅವನನ್ನು ನೋಡಿದ ನೋಟ ಇನ್ನೂ ಕಣ್ಣಲ್ಲಿತ್ತು. ಒಶಿಗೆ ಅಜ್ಜಿ ಮೂಲಂಗಿಯ ಬುಟ್ಟಿ ಕೈಬಿಟ್ಟು ಕೈಮುಗಿದು ನಿಂತುಬಿಟ್ಟಿದ್ದಳು. ಅಮ್ಮ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು, ಸ್ವಲ್ಪ ಹೊತ್ತಾದ ಮೇಲೆ ಬೂಟಿನ ಕೆಸರಿಗೆ ಬೈದಿದ್ದಳು. ಪೊಲೀಸರೆಂದರೆ ಭಯ ಇರಬೇಕು ಎಂದುಕೊಂಡಿದ್ದ. ಪತ್ತೇದಾರನ ಬುದ್ಧಿ ಸ್ವಂತ ಊರಿನಲ್ಲಿ ಮಂಕಾಗುವುದು ಹೊಸತಲ್ಲ.

ಏಳನೆಯ ಹಲಗೆ ನೋಡಿದ. ಎಂಟನೆಯದರ ಮೇಲೆ ಬೆರಳಾಡಿಸುತ್ತ ಬಂದವನು ನಡುವೆ ನಿಂತ.

ಹಲಗೆಯ ಅಂಚಿನಲ್ಲಿ ಚಾಕುವಿನ ಕಚ್ಚುಗಳಿದ್ದವು. ಎರಡು ಸಾಲು. ಮೇಲಿನ ಸಾಲಿನಲ್ಲಿ ಹನ್ನೆರಡು ಕಚ್ಚು, ಕೆಳಗಿನದರಲ್ಲಿ ಐದು. ಹಲಗೆ ಅಡ್ಡ ಮಲಗಿದ್ದರಿಂದ ಮೊದಲು ಗುರುತು ಹತ್ತಿರಲಿಲ್ಲ. ತೂಬಿನಮನೆಯ ಅಡುಗೆಮನೆ ಬಾಗಿಲ ಪಕ್ಕ ಈ ಹಲಗೆ ನೆಟ್ಟಗೆ ನಿಂತಿರುತ್ತಿತ್ತು. ಹೊಸ ವರ್ಷದ ದಿನ ಅಪ್ಪ ಮಕ್ಕಳಿಬ್ಬರನ್ನೂ ಅದಕ್ಕೆ ಒರಗಿಸಿ, ತಲೆಯ ಮಟ್ಟಕ್ಕೆ ಒಂದೊಂದು ಕಚ್ಚು ಹಾಕುತ್ತಿದ್ದ. ಮೇಲಿನ ಸಾಲು ಸೋಹೆಯದು. ಕೆಳಗಿನದು ತಂಗಿ ಫುಮಿಯದು. ಆರನೆಯ ಕಚ್ಚು ಹಾಕುವ ಹೊಸ ವರ್ಷ ಅವಳಿಗೆ ಬರಲಿಲ್ಲ.

ಅವಳ ಹೆಸರು ಹತ್ತು ಹೆಜ್ಜೆ ಆಚೆ, ಏರಿಯ ಮೇಲಿನ ಕಲ್ಲಿನಲ್ಲಿದೆ. ಇಪ್ಪತ್ತಮೂರು ವರ್ಷದ ಹಿಂದಿನ ನೆರೆಯಲ್ಲಿ ಸತ್ತ ಮೂವತ್ತೊಂದು ಜನರ ಪೈಕಿ ಹತ್ತೊಂಬತ್ತನೆಯದು.

"ಸಾರ್? ಇದು ಯಾರ ಮನೇದು?"

"ನಮ್ಮನೇದು," ಎಂದ ಸೋಹೆ. ಅಮ್ಮನೂ ಶೆಡ್ಡಿನ ಸುಳ್ಳಿಗೆ ಸಹಿ ಹಾಕಿದ್ದಳು.

*

ಜೀಪಿನ ರೇಡಿಯೊದಲ್ಲಿ ಸೂಪರಿಂಟೆಂಡೆಂಟ್ ಶಿರಾಕಿಯ ದನಿ ತಣ್ಣಗಿತ್ತು.

"ಹಕ್ಕಿ ಹಿಕ್ಕೆ ತಗೊಂಡು ಕೋರ್ಟಿಗೆ ಹೋಗೋಣ ಅಂತೀರಾ ಮಿಜುತಾನಿ?"

"ಹಲಗೆ ತೆಗೆಯೋದನ್ನ ಒಂದು ದಿನ ತಡೀರಿ ಸರ್. ಫೊರೆನ್ಸಿಕ್‌ನೋರು ಒಂದ್ಸಲ ನೋಡಲಿ."

"ಮಧ್ಯಾಹ್ನ ನೆರೆ ಪರಿಶೀಲನೆಗೆ ಜಿಲ್ಲೆಯ ದೊಡ್ಡವರು ಬರ್ತಾರೆ. ಹಿಂದೆ ಈ ನದಿಗಳಿಗೆ ಏರಿ ಕಟ್ಟಿದ ಸಾತ್ಸುಮಾ ಸಮುರಾಯಿಗಳು ನೆಟ್ಟ ಪೈನ್ ಮರಗಳನ್ನ ನೋಡಿ, ಅವರ ಗುಡಿಗೆ ಕೈಮುಗಿದು, ಅದೇ ದಾರೀಲಿ ವಾಪಸ್ ಹೋಗಬೇಕು. ದಾರಿ ತೆರೆಯಲೇಬೇಕು. ಇನ್ನೊಂದು ಮಾತು. ಶೆಡ್ಡಿನ ಹೇಳಿಕೆಗೆ ಹದಿನಾಲ್ಕು ಸಹಿ ಇದೆ. ಅದ್ರಲ್ಲೊಂದು ಮಿಜುತಾನಿ ಕಿನುಯೊ ಅಂತ. ಯಾರು ಅವರು?"

"ನನ್ನ ತಾಯಿ."

"ಗೊತ್ತು. ಅದಕ್ಕೇ ಹೇಳ್ತಿದೀನಿ, ಈ ಕೇಸಿಂದ ಪಕ್ಕಕ್ಕೆ ಸರೀರಿ. ನೊಜಾಕಿ ಜೀಪು ತಗೊಂಡು ಈಗಲೇ ಬರಲಿ. ಅಜ್ಜನ್ನ ಒಪ್ಪಿಸೋಕೆ ಗಾಡಿ ಬೇಕು."

ನೊಜಾಕಿ ಸ್ಟಿಯರಿಂಗ್ ಹಿಡಿದು ಕೂತು, ತಲೆ ಹೊರಗೆ ಹಾಕಿದ. "ಸಾರ್, ಅಜ್ಜ ಊಟ ಮುಟ್ತಿಲ್ಲ. ಗಂಟೆಗೊಂದು ಸಲ ಒಂದೇ ಪ್ರಶ್ನೆ. 'ಹಲಗೆ ತೆಗೆದ್ರಾ?' ಅಂತ. ಯಾಕೆ ಅಂತ ಈಗ ಗೊತ್ತಾಯ್ತು."

"ಮಾತ್ರೆ ನುಂಗಿಸು. ಹಟ ಮಾಡಿದ್ರೆ ನಾನು ಹೇಳಿದೆ ಅನ್ನು."

"ನಿಮ್ಮ ಹೆಸರು ಹೇಳಿದ್ರೆ ಅಜ್ಜ ಅಳ್ತಾರೆ ಸಾರ್," ಎಂದು ನೊಜಾಕಿ ಗಾಡಿ ತಿರುಗಿಸಿಕೊಂಡು ಹೋದ.

ಹನ್ನೆರಡಕ್ಕೆ ಜನ ಬಂದರು. ಯಾರೂ ಸೋಹೆಯ ಮುಖ ನೋಡಲಿಲ್ಲ. ಹದಿನಾಲ್ಕನೆಯ ಹಲಗೆ ಮೊದಲು ಮೇಲೆ ಬಂತು, ಆಮೇಲೆ ಹದಿಮೂರನೆಯದು. ಅವರವರ ಹಲಗೆ ಅವರವರ ಹೆಗಲಿಗೆ. ಶೆಡ್ಡಿನ ಕಡೆ ಒಬ್ಬರೂ ತಿರುಗಲಿಲ್ಲ. ಸುಳ್ಳು ನಿಭಾಯಿಸುವ ಗೋಜಿಗೂ ಹೋಗಲಿಲ್ಲ. ಏರಿಯಿಂದ ಇಳಿಯುವ ಕಾಲುದಾರಿಗಳಲ್ಲಿ ಸಾಕ್ಷ್ಯಗಳು ಒಂದೊಂದಾಗಿ ಮನೆ ಸೇರುತ್ತಿದ್ದವು. ಜೇಬಿನಲ್ಲಿ ಬ್ಯಾಡ್ಜು, ಸೊಂಟದಲ್ಲಿ ಬೇಡಿ ಇಟ್ಟುಕೊಂಡ ಇನ್‌ಸ್ಪೆಕ್ಟರು ಅದನ್ನೆಲ್ಲ ನೋಡುತ್ತ ನಿಂತಿದ್ದ. ಅವನಿಗೆ ನಾಚಿಕೆಯಾಯಿತು.

ಎಂಟನೆಯದಕ್ಕೆ ಕೈಗಾಡಿ ತಳ್ಳಿಕೊಂಡು ಅಮ್ಮ ಬಂದಳು. ಅರವತ್ತೆಂಟು ವರ್ಷ, ಬಾಗಿದ ಬೆನ್ನು, ತಲೆಗೆ ಬಿಳಿ ವಸ್ತ್ರ. ಮಗನನ್ನು ನೋಡಿ ಗಾಡಿ ನಿಲ್ಲಿಸಿದಳು.

"ಏನು ನೋಡ್ತಾ ನಿಂತೆ? ಎತ್ತಿಡು," ಎಂದಳು.

ಎತ್ತಿಟ್ಟ. ತಾನೇ ಗಾಡಿ ತಳ್ಳಿದ.

*

ಎಡಕ್ಕೆ ಯೋರೊ ಬೆಟ್ಟ ತೊಳೆದಿಟ್ಟಂತೆ ನಿಚ್ಚಳವಾಗಿತ್ತು. ಮನೆಮನೆಯ ಸೂರಿಗೂ ನೆರೆಗೆಂದು ಕಟ್ಟಿಟ್ಟ ದೋಣಿಗಳು ನೇತಾಡುತ್ತಿದ್ದವು. ಈ ಸಲ ಯಾರಿಗೂ ಅವನ್ನು ಕೆಳಗಿಳಿಸುವ ಪ್ರಮೇಯ ಬಂದಿರಲಿಲ್ಲ. ಏರಿಯ ಒಳಗೆ ಒಂದು ಬತ್ತದ ತೆನೆಯೂ ನೆನೆದಿರಲಿಲ್ಲ. ಹೊರಗೆ ಗದ್ದೆಗಳೆಲ್ಲ ಬೂದಿ ಬಣ್ಣದ ಕೆಸರು.

ಅಡುಗೆಮನೆ ಬಾಗಿಲ ಪಕ್ಕ, ಮಸಿಯಿಲ್ಲದ ಒಂದು ಉದ್ದನೆ ಪಟ್ಟಿ ಗೋಡೆಯ ಮೇಲೆ ಬೆಳ್ಳಗೆ ಕಾಣುತ್ತಿತ್ತು. ಸೋಹೆ ಹಲಗೆಯನ್ನು ಅಲ್ಲಿ ನಿಲ್ಲಿಸಿದ. ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದೆ ಕೂತಿತು.

"ಶೆಡ್ಡಿನಲ್ಲಿತ್ತು ಅಂತ ಸಹಿ ಹಾಕಿದೀಯಲ್ಲಮ್ಮಾ," ಎಂದ.

"ಹಾಕಿದೆ." ಅಮ್ಮ ಒಲೆಯ ಮುಂದೆ ಕೂತು, ಮಿಸೊ ಗೊಜ್ಜು ಮತ್ತು ಸೋಯಾ ಕಾಳಿನ ಜೊತೆ ಬೇಯುತ್ತಿದ್ದ ಹೊಳೆಮೀನಿನ ಪಾತ್ರೆಯ ಮುಚ್ಚಳ ತೆಗೆದಳು. "ಊಟ ಮಾಡ್ತೀಯಾ?"

"ಬೇಡ."

"ಬೆಳಿಗ್ಗೆಯಿಂದ ಏನು ತಿಂದೆ?"

"ಅಮ್ಮಾ, ನಾಲ್ಕು ಗಂಟೆಗೆ ಕಾನ್ಸುಕೆ ಮಾವನ್ನ ಒಪ್ಪಿಸ್ತಾರೆ. ಕೊಲೆ ಅಂತ. ಅವರೊಬ್ಬರೇ ಮುಚ್ಚಲಿಲ್ಲ. ನೀನು ಅಲ್ಲಿದ್ದೆ."

"ಇದ್ದೆ."

"ಮೊರಿಯೊನ ಎತ್ತಿ ಹೊರಗೆ ಹಾಕಿದ್ರಾ?"

ಅಮ್ಮ ಸೌಟು ಕೆಳಗಿಟ್ಟಳು. "ಥೂ. ಯಾರ ಮನೆ ಮಗ ಅವನು? ನಿನ್ನ ಜೊತೆ ಈ ಒಲೆ ಮುಂದೆ ಕೂತು ಉಂಡೋನು. ಏರಿ ಒಡೀತೀನಿ ಅಂತಿದ್ದೋನು, ಹಲಗೆ ಹೊತ್ಕೊಂಡು ಎಲ್ಲರಿಗಿಂತ ಮೊದಲು ಬಂದ. ತನ್ನ ಆರನೇ ಹಲಗೆ ಇಳಿಸಿದ. ಆಮೇಲೆ ತಾನೇ ಹಾರಿ ಆಚೆ ಹೋದ."

"ಯಾಕೆ?"

"ಆಚೆ ಒಬ್ಬರು ಕೂಗಿದ್ರು."

"ಯಾರು?"

ಅವಳು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳದವಳಂತೆ ಮುಂದೆ ಹೇಳಿದಳು. "ನೀರು ಆಗಲೇ ಹೊರಗೆ ಮೂರನೇ ಹಲಗೆ ಮುಟ್ಟಿತ್ತು. ಏಳನೆಯದು ಇಳೀಬೇಕಂದ್ರೆ ಕಾನ್ಸುಕೆ ಅಣ್ಣ ತಾಳ ಹೊಡೀಬೇಕು. ತಾಳ ಹೊಡೀದೆ ಹಲಗೆ ಇಳಿಸೋ ಹಾಗಿಲ್ಲ, ಹೊಡೆದ ಮೇಲೆ ಇಳಿಸದೆ ಇರೋ ಹಾಗಿಲ್ಲ. ಗೊತ್ತಲ್ಲ ನಿಂಗೆ."

ಸೋಹೆಗೆ ಗೊತ್ತಿತ್ತು. ದಾರದಲ್ಲಿ ಜೋಡಿಸಿದ ಎರಡು ಗಟ್ಟಿ ಮರದ ತುಂಡು. ಒಂದು ಸಲ ಹೊಡೆದರೆ ಒಂದು ಮನೆಯ ಹಲಗೆ ಇಳಿಯಬೇಕು.

"ಅಣ್ಣ ಹೊಡೀಲಿಲ್ಲ. 'ಇನ್ನೊಂದು ಗಳಿಗೆ ಕಾಯೋಣ, ಇನ್ನೊಂದು ಗಳಿಗೆ,' ಅಂದ. ನಾಲ್ಕನೇ ಹಲಗೆ ಮುಟ್ಟಿತು ನೀರು. ಎಲ್ರೂ ನನ್ನ ಮುಖ ನೋಡ್ತಿದ್ರು. ಕೈಜಾರಿ ತಾಳ ಕೆಸರಿಗೆ ಬಿತ್ತು ಅವನದ್ದು. ಆ ಮನುಷ್ಯ ಒಳ್ಳೆಯವನು ಸೋಹೆ. ಒಳ್ಳೆಯವನಾಗಿದ್ದೇ ಅವನ ಕರ್ಮ. ಆವತ್ತೂ ಅವನೇ ಮುಖಂಡ. ಆವತ್ತೂ ಹಂಗೇ ಕಾದ."

ಆವತ್ತು ಎಂದರೆ ಯಾವತ್ತು ಎಂದು ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಇಪ್ಪತ್ತಮೂರು ವರ್ಷದ ಹಿಂದೆ ಸೋಹೆಯ ಅಪ್ಪ ಎತ್ತನ್ನು ಬಿಡಿಸಿಕೊಂಡು ಬರಲು ಹೊರಗದ್ದೆಗೆ ಹೋಗಿದ್ದ. ಕಾನ್ಸುಕೆ ಕಾದ. ಅಪ್ಪ ಬಂದ, ಎತ್ತೂ ಬಂತು, ಅವರ ಹಿಂದೆಯೇ ನೀರೂ ಬಂತು. ಕಂಡಿ ಮುಚ್ಚಲಾಗಲಿಲ್ಲ. ಹೈಸ್ಕೂಲಿಗೆಂದು ಓಗಾಕಿಯ ಹಾಸ್ಟೆಲಿನಲ್ಲಿದ್ದ ಸೋಹೆ ಉಳಿದುಕೊಂಡ. ಕೆಳಗಿನ ಕೋಣೆಯಲ್ಲಿ ಮಲಗಿದ್ದ ಫುಮಿ ಉಳಿಯಲಿಲ್ಲ. ಅಪ್ಪ ಆಮೇಲೆ ಎರಡು ವರ್ಷ ಬದುಕಿದ್ದ, ಯಾರ ಜೊತೆಗೂ ಮಾತಿಲ್ಲದೆ.

"ಮತ್ತೆ ತಾಳ ಹೊಡೆದದ್ದು ಯಾರು?" ಸೋಹೆ ಕೇಳಿದ. ಉತ್ತರ ಗೊತ್ತಾಗುತ್ತಿತ್ತು. ಬೇರೆ ಉತ್ತರ ಬರಲಿ ಎಂದು ಆಸೆಪಟ್ಟ.

ಅಮ್ಮ ಎದ್ದು ಕಪಾಟು ತೆರೆದು, ಬಟ್ಟೆಯಲ್ಲಿ ಸುತ್ತಿದ ಗಂಟನ್ನು ತಂದು ಅವನ ಮುಂದಿಟ್ಟಳು. ಬಿಚ್ಚಬೇಕಾಗಲಿಲ್ಲ. ಆಕಾರವೇ ಹೇಳುತ್ತಿತ್ತು.

"ನಾನು. ಕೆಸರಿಂದ ಎತ್ಕೊಂಡು ಹೊಡೆದೆ. ಏಳನೆಯೋರು ಇಳಿಸಿದ್ರು. ಮತ್ತೆ ಹೊಡೆದೆ. ನಮ್ಮನೇದು ನಾನೇ ಇಳಿಸಿದೆ. ಆಚೆಯಿಂದ ಮೊರಿಯೊ ಕೂಗ್ತಿದ್ದ. 'ತಡೀರಿ, ಇನ್ನೂ ಸಿಕ್ಕಿಲ್ಲ, ತಡೀರಿ' ಅಂತ. ಹದಿನಾಲ್ಕನೆಯದು ಇಳಿಯೋ ಹೊತ್ತಿಗೆ ಕೂಗು ನಿಂತುಹೋಗಿತ್ತು."

ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಯಾರೂ ಇಳಿಸಲಿಲ್ಲ.

"ಕಾನ್ಸುಕೆ ಮಾವ ನಿನ್ನ ಹೆಸರು ಹೇಳಬಾರದು ಅಂತ..."

"ನಾನು ಹೇಳಿದ್ನಾ ಹೋಗು ಅಂತ? ಬುಧವಾರ ಮಧ್ಯಾಹ್ನ ನಿನ್ನ ನೋಡಿದ. ನೋಡಿದೋನೇ ಇಲ್ಲಿಗೆ ಬಂದು ಈ ನೆಲದ ಮೇಲೆ ಹಣೆ ಹಚ್ಚಿದ. 'ಕಿನುಯೊ, ನಾನು ಹೊಡೀಬೇಕಾಗಿದ್ದ ತಾಳ ಅದು, ನಾನೇ ಹೊತ್ಕೊಳ್ತೀನಿ' ಅಂದ. ಎದ್ದು ಹೊರಟೇಬಿಟ್ಟ."

"ನನ್ನ ನೋಡಿದ್ರೆ ಅವರಿಗೇನು?" ಸೋಹೆಯ ದನಿ ಏರಿತು. "ಊರಿಗೆ ಊರೇ ನನ್ನ ನೋಡಿ ಯಾಕೆ ಹಾಗೆ ಬೆಚ್ಚಿಬಿತ್ತು? ಆಚೆ ಕೂಗಿದ್ದು ಯಾರಮ್ಮಾ?"

ಅಮ್ಮ ಅವನನ್ನೇ ನೋಡಿದಳು. ಆ ನೋಟ ಅವನಿಗೆ ತಡೆಯಲಾಗಲಿಲ್ಲ.

"ನೀನು," ಎಂದಳು.

"ಏನು?"

"ನಿನ್ನ ದನಿ. ಗದ್ದೆ ಬದುವಿನ ಕಂಬದ ಕಡೆಯಿಂದ ಬಂತು. ಮಳೆ, ಗಾಳಿ, ಒಂದು ಮಾರು ಆಚೆ ಏನೂ ಕಾಣ್ತಿರಲಿಲ್ಲ. 'ಸೋಹೆ ಬಂದ!' ಅಂತ ಮೊರಿಯೊ ಹಾರಿದ. ನಿನಗೋಸ್ಕರ ಹಾರಿದ ಅವನು. ನಾನು..." ಅವಳು ಮಂಡಿಯ ಮೇಲೆ ಎರಡೂ ಕೈ ಊರಿಕೊಂಡಳು. "ನನ್ನ ಮಗ ಹೊರಗಿದಾನೆ ಅಂತ ಗೊತ್ತಿದ್ದೂ ಹೊಡೆದೆ. ನಿಮ್ಮಪ್ಪನಿಗೋಸ್ಕರ ಕಾದಾಗ ಮೂವತ್ತೊಂದು ಜನ ಹೋದ್ರು. ನಿನಗೋಸ್ಕರ ಕಾಯಿ ಅಂತ ಯಾವ ಬಾಯಲ್ಲಿ ಹೇಳಲಿ ನಾನು? ಅಣ್ಣ ಕಾದದ್ದೂ ನನ್ನ ಮುಖ ನೋಡಿ. ಹಾಗಾಗಿ ನಾನೇ ಹೊಡೀಬೇಕಾಯ್ತು, ಇಲ್ದಿದ್ರೆ ಯಾರೂ ಹೊಡೀತಿರಲಿಲ್ಲ."

ಸೋಹೆ ಬಾಗಿಲ ಪಕ್ಕದ ಹಲಗೆಯ ಕಡೆ ತಿರುಗಿದ.

"ಸೋಮವಾರ, ಮಂಗಳವಾರ, ಎರಡು ದಿನ ಕೋಲು ಹಿಡ್ಕೊಂಡು ಹೊರಗಿನ ಕೆಸರು ಚುಚ್ಚಿದೀನಿ. ಮೊರಿಯೊ ಸಿಕ್ಕ. ನೀನು ಸಿಕ್ಕಲಿಲ್ಲ. ಬುಧವಾರ ನೀನು ಬಾಗಿಲಲ್ಲಿ ನಿಂತಿದ್ದೆ, ಬೂಟಲ್ಲಿ ಕೆಸರು ಮೆತ್ಕೊಂಡು."

ಅವನು ಅವಳ ಕೈ ಹಿಡಿಯಲು ಹೋದ. ಅವಳು ಬಿಡಿಸಿಕೊಂಡು, ಪಾತ್ರೆಯನ್ನು ಒಲೆಯಿಂದ ಇಳಿಸಿದಳು.

"ಅಮ್ಮಾ, ನಾನು ಬಂದಿರಲಿಲ್ಲ. ಓಗಾಕಿಯ ಸೇತುವೆ ಮೇಲಿದ್ದೆ. ಯಾರೋ ನನ್ನ ಹಾಗೆ ಕೂಗಿದಾರೆ."

"ಯಾರೋ ಅಂತೆ! ಹೆತ್ತೋಳು ನಾನು. ಗಾಳಿಯಲ್ಲೂ, ನೀರಲ್ಲೂ ಗುರುತು ಹಿಡೀತೀನಿ. ಯಾರೋ ಕೂಗಿದ ಹಾಗಿರಲಿಲ್ಲ ಅದು. ನಿನ್ನ ದನೀನೇ ಮಗಾ."

"ಏನಂತ ಕೂಗಿದೆ ನಾನು? ಮಾತು ನೆನಪಿದೆಯಾ?"

"ಮರೆಯೋಕಾಗತ್ತಾ?" ಅಮ್ಮ ಕಣ್ಣು ಮುಚ್ಚಿ, ಒಂದೊಂದೇ ಮಾತು ಹೇಳಿದಳು. "'ತೂಬಿನಮನೆ ಸೋಹೆ ಕಣಮ್ಮಾ! ನಾನು ಬರೋತನಕ ಕಂಡಿ ಮುಚ್ಚಬೇಡಿ!' ಫೋನಲ್ಲಿ ಹೇಳಿದ ಹಾಗೇ ನೀನು ಬಂದೇಬಿಟ್ಟೆ ಅಂದ್ಕೊಂಡೆ."

ಅವೇ ಮಾತು. ಭಾನುವಾರ ಸಂಜೆ ಫೋನಿನಲ್ಲಿ ಆಡಿದ ಅವೇ ಮಾತು, ಒಂದಕ್ಷರ ಆಚೀಚೆ ಇಲ್ಲ. ಅದು ಬಂದದ್ದು ಕಂಬದ ಕಡೆಯಿಂದ. ಕಂಬದ ಮೇಲೆ ಸ್ಪೀಕರು. ಸ್ಪೀಕರಿನ ಹಿಂದೆ ತಂತಿ, ತಂತಿಯ ತುದಿಗೆ ಸಂಘದ ಕೋಣೆ, ಕೋಣೆಯಲ್ಲಿ ಟೇಪು ತಿರುಗಿಸುವ ಯಂತ್ರ. ಬೆಳಗಿನಿಂದ ಅದೇ ಜಾಗದಲ್ಲಿ ಕೆಮ್ಮುತ್ತಿದ್ದ ಯಂತ್ರ.

ಊರೆಲ್ಲ ಕಂಡಿಯಲ್ಲಿ ನಿಂತಿದ್ದಾಗ, ಆ ಕೋಣೆಯಲ್ಲಿ ಕೂತ ಒಬ್ಬರು ಅವನ ತಮಾಷೆಯನ್ನು ಅವನ ತಾಯಿಗೆ ಮತ್ತೊಮ್ಮೆ ಕೇಳಿಸಿದ್ದರು. ಮೊರಿಯೊನನ್ನು ಹೊರಗೆಳೆಯಲೋ, ಕಂಡಿ ಮುಚ್ಚದಂತೆ ಮಾಡಿ ಇಡೀ ಊರನ್ನೇ ಮುಳುಗಿಸಲೋ?

ಗಡಿಯಾರ ಎರಡೂಮುಕ್ಕಾಲು ತೋರಿಸುತ್ತಿತ್ತು. ಅಮ್ಮ ಒಳಕೋಣೆಗೆ ಹೋಗಿದ್ದಳು. ಹೊರಬಂದಾಗ ಸಾವಿನ ಮನೆಗೆ ಉಡುವ ಕಪ್ಪು ಕಿಮೋನೊ ಉಟ್ಟಿದ್ದಳು. ಬೆನ್ನಿಗೆ ಕೈ ಹಾಕಿ ಸೊಂಟದ ಪಟ್ಟಿ ಬಿಗಿಯುತ್ತ, "ನಡಿ. ನಾಲ್ಕರೊಳಗೆ ಹೋಗಬೇಕು. ಅಣ್ಣನ್ನ ಬಿಡಿಸಿಕೊಂಡು ಬಾ, ನನ್ನ ಅಲ್ಲಿ ಬಿಟ್ಟು ಬಾ," ಎಂದಳು.

"ಹೇಗೆ ಹೋಗೋದಮ್ಮಾ? ಜೀಪು ಹೋಯ್ತು, ದೊಡ್ಡವರ ಕಾರುಗಳೂ ಆಗಲೇ ವಾಪಸ್ ಹೋದವು. ಬಸ್ಸಿನ ದಾರಿ ಕೊಚ್ಚಿಹೋಗಿದೆ. ನಡೆದ್ರೆ ಮೂರು ಗಂಟೆ ಆಗತ್ತೆ."

"ಹಾಗಾದ್ರೆ ಫೋನು ಮಾಡು. ತಂತಿ ನಿನ್ನೆ ಸರಿ ಮಾಡಿದಾರೆ."

ಗೋಡೆಯ ಮೇಲೆ ಸಂಘದ ಫೋನಿತ್ತು. ಊರಿನಲ್ಲಿ ಬೇರೆ ಫೋನಿಲ್ಲ. ಕಾನ್ಸುಕೆಯನ್ನು ಉಳಿಸಲು ಎರಡೇ ಮಾತು ಸಾಕು: ಒಪ್ಪಿಸುವುದನ್ನು ತಡೆಯಿರಿ, ತಾಳ ಹೊಡೆದದ್ದು ನನ್ನ ತಾಯಿ. ಆ ಎರಡು ಮಾತನ್ನು ಅವನ ಬಾಯಿಂದಲೇ ಆಡಬೇಕು. ಟೇಪಿನ ವಿಷಯ ಹೇಳಬೇಕೆಂದರೂ ಇದೇ ತಂತಿಯಲ್ಲಿ ಹೇಳಬೇಕು; ಹೇಳಿದರೆ ಆ ಕೋಣೆಯಲ್ಲಿ ಕೂತವರು ಅದನ್ನು ಅಳಿಸಿಬಿಡುತ್ತಾರೆ.

ಸೋಹೆ ರಿಸೀವರ್ ಎತ್ತಿ ಕಿವಿಗೆ ಹಿಡಿದ.

ಯಾವಾಗಲೂ ಎತ್ತಿದ ಕೂಡಲೇ "ಯಾರು ಬೇಕು?" ಎಂದು ಕೇಳುವ ಸಂಘದ ಕೋಣೆಯ ದನಿ ಇವತ್ತು ಕೇಳಲಿಲ್ಲ. ಲೈನು ತೆರೆದಿತ್ತು. ಆ ತುದಿಯಲ್ಲಿ ಯಾರೋ ನಿಧಾನವಾಗಿ ಉಸಿರಾಡುತ್ತಿದ್ದರು. ಉಸಿರಿನ ಹಿಂದೆ, ಟಕ್ ಎಂದು ಒಂದು ಗುಂಡಿ ಒತ್ತಿದ ಸದ್ದು. ಆಮೇಲೆ ಸಣ್ಣಗೆ, ಒಂದೇ ಸಮನೆ, ಏನೋ ತಿರುಗತೊಡಗಿತು.

"ಯಾಕೆ ಸುಮ್ಮನೆ ನಿಂತೆ?" ಎಂದಳು ಅಮ್ಮ. "ಮಾತಾಡು."

ಸೋಹೆ ತುಟಿ ಬಿಚ್ಚಲಿಲ್ಲ. ಈಗ ಆಡುವ ಪ್ರತಿಯೊಂದು ಮಾತೂ ಆ ಟೇಪಿಗೆ ಹೋಗುತ್ತದೆ. ಗಡಿಯಾರ ಮೂರು ಬಾರಿಸಿತು.